ಮೂರನೆಯ ಮುಳ್ಳು

ಏನನ್ನೂ ಅಳೆಯದ ಒಂದು ಅಳತೆಯ ಉಪಕರಣವನ್ನು ಮಾಡುವುದಕ್ಕಾಗಿ ಬುದ್ಧಿ ಬಲಿತ ಮೂವರು ಹದಿನಾಲ್ಕು ತಿಂಗಳು ದುಡಿದರು ಎಂದರೆ ಕೇಳಿದವರು ನಗುತ್ತಾರೆ. ಆ ಮೂವರಲ್ಲಿ ನಾನೂ ಒಬ್ಬನಾದುದರಿಂದ ಆ ನಗೆಯಲ್ಲಿ ನನ್ನ ಪಾಲನ್ನು ಸಂತೋಷದಿಂದಲೇ ಸ್ವೀಕರಿಸಿದ್ದೇನೆ. ದುಡಿಮೆಯಲ್ಲಿ ಮಾತ್ರ ನನ್ನ ಪಾಲು ಅಲ್ಪ. ಲೆಕ್ಕ ಬರೆದುಕೊಳ್ಳುವುದು, ದೀಪ ಹಿಡಿಯುವುದು, ಗಟ್ಟಿಯಾಗಿ ಎಣಿಸುವುದು, ಇಷ್ಟೇ ನನ್ನ ಕೆಲಸ. ಜೀವಮಾನವನ್ನೆಲ್ಲ ಕನ್ನಡ ಪಾಠ ಹೇಳುವುದರಲ್ಲಿ ಕಳೆದವನಿಗೆ ಲೇತಿನ ಮುಂದೆ ಇದಕ್ಕಿಂತ ದೊಡ್ಡ ಪದವಿ ದೊರೆಯಲಾರದು.

ಉಪಕರಣವೆಂದರೆ ವಿಮಾನದ ಆಲ್ಟಿಮೀಟರು; ಎತ್ತರವನ್ನು ತೋರಿಸುವ ಗಡಿಯಾರ. ಅದನ್ನು ಬಯಸಿದವನು ನನ್ನ ತಂಗಿಯ ಮಗ. ಅವನು ಬೆಳೆದುದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಮಗ್ಗುಲಲ್ಲಿ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದ ವಿಮಾನ ಕಾರ್ಖಾನೆಯ ಗೋಡೆ ಅವರ ಮನೆಯ ಮಹಡಿಯಿಂದ ಕಾಣುತ್ತಿತ್ತು. 1961ರಲ್ಲಿ ಮಾರುತ್ ವಿಮಾನವನ್ನು ಮೊಟ್ಟಮೊದಲು ಹಾರಿಸಿದ ಸುರಂಜನ್ ದಾಸ್ ಅವರ ಹೆಸರಿನ ರಸ್ತೆಯಲ್ಲಿ ಅವನು ಶಾಲೆಗೆ ನಡೆದುಹೋಗುತ್ತಿದ್ದನು. ಅಂಥ ಹುಡುಗನು ವೈಮಾನಿಕನಾಗಬೇಕೆಂದು ಹಂಬಲಿಸಿದುದರಲ್ಲಿ ಆಶ್ಚರ್ಯವಿಲ್ಲ. ಹದಿನೆಂಟು ತುಂಬಿದಾಗ ವೈದ್ಯರು ಅವನ ಮುಂದೆ ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ಹಿಡಿದರು. ಚುಕ್ಕೆಗಳ ನಡುವೆ ಅಂಕೆಗಳು ಅಡಗಿದ್ದವು. ಅವನಿಗೆ ಚುಕ್ಕೆಗಳು ಮಾತ್ರ ಕಂಡವು. ಕೆಂಪನ್ನೂ ಹಸಿರನ್ನೂ ಬೇರ್ಪಡಿಸಲಾರದ ಕಣ್ಣು ಅವನದು. ಅಂದು ಮನೆಗೆ ಬಂದವನು ಎಂದಿನಂತೆ ಊಟ ಮಾಡಿದನು, ಎಂದಿನಂತೆ ಮಲಗಿದನು. ಆದರೆ ಮರುದಿನದಿಂದ ವಿಮಾನದ ಮಾತನ್ನೇ ಆಡಲಿಲ್ಲ. ಇಪ್ಪತ್ತು ವರ್ಷಗಳ ಕಾಲ ಆಡಲಿಲ್ಲ.

ಆಮೇಲೆ ಒಂದು ಬೇಸಗೆಯಲ್ಲಿ ಅವನ ಮನೆಯ ಹಿಂದಿನ ಕೋಣೆಗೆ ಪ್ಲೈವುಡ್ಡಿನ ಹಲಗೆಗಳೂ ಗುಜರಿಗೆ ಬಂದ ಕಾರೊಂದರ ಆಸನವೂ ಮೂರು ಕಂಪ್ಯೂಟರ್ ಪರದೆಗಳೂ ಬಂದು ಸೇರಿದವು. ಹಲಗೆಗಳು ಕೂಡಿ ವಿಮಾನದ ಚಾಲಕನ ಗೂಡಾಯಿತು. ಕುಳಿತು ಹಿಡಿಕೆಯನ್ನು ಎಳೆದರೆ ಪರದೆಯ ಮೇಲಿನ ಭೂಮಿ ಕೆಳಕ್ಕೆ ಸರಿಯುತ್ತದೆ. ಓಲಿಸಿದರೆ ದಿಗಂತ ವಾಲುತ್ತದೆ. ಇದಕ್ಕೆ ಸಿಮ್ಯುಲೇಟರು ಎಂದು ಹೆಸರು. ಕಂಪ್ಯೂಟರಿನೊಡನೆ ಹುಟ್ಟಿದ ಹೊಸ ಆಟವೇನೂ ಇದಲ್ಲ. 1929ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ನಗರದ ಎಡ್ವಿನ್ ಲಿಂಕ್ ಎಂಬವನು ತನ್ನ ತಂದೆಯ ಆರ್ಗನ್ ವಾದ್ಯಗಳ ಕಾರ್ಖಾನೆಯಲ್ಲಿ, ವಾದ್ಯಕ್ಕೆ ಗಾಳಿಯೂಡುವ ತಿದಿಗಳನ್ನೇ ಬಳಸಿ, ನಿಂತಲ್ಲೇ ಓಲಾಡುವ ಕೃತಕ ವಿಮಾನವೊಂದನ್ನು ಕಟ್ಟಿದನು. ಮೊದಮೊದಲು ಅದನ್ನು ಕೊಂಡವರು ಮನರಂಜನೆಯ ಉದ್ಯಾನಗಳವರು. 1934ರಲ್ಲಿ ಅಮೆರಿಕದ ಸೈನ್ಯವು ವಿಮಾನದಲ್ಲಿ ಟಪಾಲು ಸಾಗಿಸುವ ಹೊಣೆ ಹೊತ್ತಿತು. ಮೋಡದಲ್ಲಿ ಉಪಕರಣಗಳನ್ನು ನೋಡಿಯೇ ಹಾರುವ ಅಭ್ಯಾಸವಿಲ್ಲದ ಹಲವು ತರುಣರು ಮಡಿದರು. ಆಗ ಸೈನ್ಯವು ಆರು ಲಿಂಕ್ ಯಂತ್ರಗಳನ್ನು ಕೊಂಡಿತು. ಆಟದ ಸಾಮಾನು ಅಂದಿನಿಂದ ಪಾಠದ ಸಾಮಾನಾಯಿತು.

“ಪರದೆಯ ಮೇಲೆಯೇ ಗಡಿಯಾರಗಳ ಚಿತ್ರ ಬರುತ್ತದಲ್ಲೋ, ಬೇರೆ ಏಕೆ ಬೇಕು?” ಎಂದು ನಾನು ಕೇಳಿದೆನು.

“ಬರುತ್ತದೆ ಮಾವ. ಆದರೆ ಅದು ಚಿತ್ರ. ಗುಂಡಿ ತಿರುಗಿಸಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ” ಎಂದನು.

ಹತ್ತಾರು ಗಡಿಯಾರಗಳಲ್ಲಿ ಮೊದಲು ಆಲ್ಟಿಮೀಟರನ್ನೇ ಏಕೆ ಆರಿಸಿದನೆಂದು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ವೇಗವನ್ನು ತೋರಿಸುವ ಗಡಿಯಾರದಲ್ಲಿ ಹಸಿರು, ಹಳದಿ, ಬಿಳಿಯ ಕಮಾನುಗಳಿರುತ್ತವೆ. ಮೀರಬಾರದ ವೇಗಕ್ಕೆ ಕೆಂಪು ಗೆರೆ. ಆಲ್ಟಿಮೀಟರಾದರೋ ಕಪ್ಪು ಮುಖದ ಮೇಲೆ ಬಿಳಿಯ ಅಂಕೆ, ಬಿಳಿಯ ಮುಳ್ಳು. ಅದರ ಮುಂದೆ ಅವನ ಕಣ್ಣು ಯಾವ ಕಣ್ಣಿಗೂ ಕಡಮೆಯಲ್ಲ.

ನಿಜವಾದ ಆಲ್ಟಿಮೀಟರಿನ ಗುಟ್ಟು ಸರಳ. ಒಳಗೆ ತೆಳು ಲೋಹದ ಪುಟ್ಟ ಡಬ್ಬಿ. ಅದರೊಳಗಿನ ಗಾಳಿಯನ್ನು ಹೀರಿ ತೆಗೆದು ಬಾಯಿ ಮುಚ್ಚಿರುತ್ತಾರೆ. ವಿಮಾನ ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಡಬ್ಬಿ ಕೂದಲೆಳೆಯಷ್ಟು ಉಬ್ಬುತ್ತದೆ. ಆ ಉಬ್ಬನ್ನು ಸನ್ನೆಗಳೂ ಹಲ್ಲಿನ ಚಕ್ರಗಳೂ ಹಿಗ್ಗಿಸಿ ಮುಳ್ಳಿನ ತಿರುಗಾಟವನ್ನಾಗಿ ಮಾಡುತ್ತವೆ. ಗಾಳಿಯ ಒತ್ತಡ ಊರಿಂದ ಊರಿಗೆ, ದಿನದಿಂದ ದಿನಕ್ಕೆ ಬೇರೆಯಾಗುವುದರಿಂದ ಇಳಿಯುವ ಊರಿನ ಒತ್ತಡಕ್ಕೆ ಸರಿಯಾಗಿ ಗಡಿಯಾರವನ್ನು ಹೊಂದಿಸಲು ಒಂದು ಗುಂಡಿಯೂ ಪುಟ್ಟ ಕಿಂಡಿಯೂ ಇರುತ್ತವೆ. ಸಮುದ್ರಮಟ್ಟದ ಬಳಿ ಒಂದು ಹೆಕ್ಟೋಪಾಸ್ಕಲ್ ಹೆಚ್ಚುಕಡಮೆಯಾದರೆ ಸುಮಾರು 27 ಅಡಿ ಎತ್ತರ ತಪ್ಪಿತೆಂದು ಲೆಕ್ಕ. ಇಂಥ ಸೂಕ್ಷ್ಮವಾದ ಗಡಿಯಾರವನ್ನು ರೂಪಿಸಿದವನು ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಪಾಲ್ ಕೋಲ್ಸ್‌ಮನ್. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ತನ್ನ ಆಸನವನ್ನು ಪೂರ್ಣವಾಗಿ ಮುಚ್ಚಿಸಿಕೊಂಡು, ಹೊರಗೇನನ್ನೂ ನೋಡದೆ ನೆಲದಿಂದೇಳಿ ಸುತ್ತಿ ಮರಳಿ ನೆಲಕ್ಕಿಳಿದಾಗ ಅವನ ಕಣ್ಣ ಮುಂದೆ ಇದ್ದುದು ಕೋಲ್ಸ್‌ಮನ್ನನ ಗಡಿಯಾರವೇ.

ಹಾಗಾದರೆ ಹಳೆಯದೊಂದು ನಿಜವಾದ ಆಲ್ಟಿಮೀಟರನ್ನೇ ತಂದು ಕೂಡಿಸಬಾರದೆ? ಗುಜರಿ ಅಂಗಡಿಯೊಂದರಲ್ಲಿ ಅವನಿಗೆ ಅಂಥದು ಸಿಕ್ಕಿಯೂ ಇತ್ತು. ಎರಡು ತೊಡಕುಗಳು ಎದುರಾದವು. ಕೋಣೆಯಲ್ಲಿ ಕುಳಿತವನು ಪರದೆಯ ಮೇಲೆ ಎಷ್ಟು ಏರಿದರೂ ಕೋಣೆಯ ಗಾಳಿ ಬದಲಾಗುವುದಿಲ್ಲ. ಬೆಂಗಳೂರಿನ ಸುಮಾರು 3,000 ಅಡಿಯನ್ನೇ ಆ ಗಡಿಯಾರ ಹಗಲಿರುಳೂ ತೋರಿಸುತ್ತಿರುತ್ತದೆ. ಎರಡನೆಯದು ಭಯದ ಸಂಗತಿ. ಕತ್ತಲಲ್ಲಿ ಹೊಳೆಯಲೆಂದು ಆ ಕಾಲದ ಎಷ್ಟೋ ಗಡಿಯಾರಗಳ ಅಂಕೆಗಳಿಗೆ ರೇಡಿಯಂ ಬೆರೆತ ಬಣ್ಣ ಬಳಿಯುತ್ತಿದ್ದರು. ಹೊಳಪು ಕೆಲವು ವರ್ಷಗಳಲ್ಲಿ ಮಾಸಿದರೂ ರೇಡಿಯಂ ಮಾಸುವುದಿಲ್ಲ. ಅದು ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಉದುರುವ ಆ ಬಣ್ಣದ ಪುಡಿ ಉಸಿರಿನೊಡನೆ ಒಳಹೋದರೆ ಕೇಡು. ಅವನು ಅದನ್ನು ಬಿಚ್ಚಲಿಲ್ಲ. ಗಾಜಿನ ಹೊರಗಿನಿಂದಲೇ ಅಳೆದು, ಫೋಟೋ ತೆಗೆದುಕೊಂಡು, ತಿಳಿದವರ ಕೈಗೆ ಒಪ್ಪಿಸಿಬಿಟ್ಟನು. ಹೊಸದಾಗಿ ಮಾಡುವುದೆಂದು ನಿರ್ಧಾರವಾದುದು ಆಗಲೇ.

ಈ ಗಡಿಯಾರಕ್ಕೆ ಮೂರು ಮುಳ್ಳುಗಳು. ಉದ್ದನೆಯದು ಒಂದು ಸುತ್ತು ಬಂದರೆ 1,000 ಅಡಿ. ಎರಡನೆಯದು ಸುತ್ತಿದರೆ 10,000. ಮೂರನೆಯದು ಸುತ್ತಿದರೆ 1,00,000 ಅಡಿ. ಒಂದೊಂದೂ ಹಿಂದಿನದಕ್ಕಿಂತ ಹತ್ತರಷ್ಟು ನಿಧಾನ. ಡಬ್ಬಿಯ ಬದಲು ಒಂದು ಪುಟ್ಟ ಮೋಟಾರು ಉದ್ದ ಮುಳ್ಳನ್ನು ತಿರುಗಿಸಬೇಕು. ಆ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುವಂಥದು. ಎಂದರೆ ಹೆಜ್ಜೆಗೆ 5 ಅಡಿ. ಉಳಿದೆರಡು ಮುಳ್ಳುಗಳನ್ನು ಹಲ್ಲಿನ ಚಕ್ರಗಳೇ ಎಳೆದು ತರಬೇಕು. ಮೂರು ಮುಳ್ಳುಗಳೂ ಒಂದೇ ನಡುವಿನಿಂದ ಹೊರಡುವುದರಿಂದ ಒಂದರೊಳಗೊಂದು ಕೊಳವೆಗಳು ಬೇಕು. ಹತ್ತರಷ್ಟು ನಿಧಾನವನ್ನು ಎರಡು ಜೋಡಿ ಚಕ್ರಗಳಲ್ಲಿ ಸಾಧಿಸಬೇಕು. ನಡುವಿನ ಅಚ್ಚಿನಿಂದ ಪಕ್ಕದ ಅಚ್ಚಿಗೆ ಹೋಗಿ ಮತ್ತೆ ನಡುವಿಗೇ ಮರಳಬೇಕಾದುದರಿಂದ ಎರಡು ಜೋಡಿಗಳ ಹಲ್ಲುಗಳ ಮೊತ್ತ ಒಂದೇ ಆಗಿರಬೇಕು.

ಇಲ್ಲಿ ನಾನು ಸ್ವಲ್ಪ ಉಪಯೋಗಕ್ಕೆ ಬಂದೆನು. ಷಟ್ಪದಿಯ ಮಾತ್ರೆಗಳನ್ನು ಮಕ್ಕಳೊಡನೆ ಎಣಿಸಿ ಗಣವಿಂಗಡಿಸಿದವನಿಗೆ ಇದು ಹೊಸ ಆಟವೇನಲ್ಲ: ಸಾಲಿನ ಮೊತ್ತ ತಪ್ಪಬಾರದು, ಒಳಗಿನ ಗಣಗಳೂ ಮುರಿಯಬಾರದು. ಎರಡು ಸಂಜೆ ಕಾಗದ ಹರಿದ ಮೇಲೆ ಉತ್ತರ ಸಿಕ್ಕಿತು. 20 ಹಲ್ಲಿನ ಚಕ್ರ 50 ಹಲ್ಲಿನದನ್ನು ತಿರುಗಿಸಲಿ. ಅದರ ಜೊತೆಗಿರುವ 14 ಹಲ್ಲಿನದು 56 ಹಲ್ಲಿನದನ್ನು ತಿರುಗಿಸಲಿ. ಎರಡೂ ಜೋಡಿಗಳ ಮೊತ್ತ 70. ಮೊದಲ ಜೋಡಿಯಲ್ಲಿ ಎರಡೂವರೆಯಷ್ಟು, ಎರಡನೆಯದರಲ್ಲಿ ನಾಲ್ಕರಷ್ಟು. ಎರಡೂವರೆ ನಾಲ್ಕಲೆ ಹತ್ತು. ನನ್ನ ಸಂತೋಷವನ್ನು ಕಂಡು ಸೋದರಳಿಯನು, “ಮಾವ, ಇದನ್ನು ನನ್ನ ಕಂಪ್ಯೂಟರು ಒಂದು ಕ್ಷಣದಲ್ಲಿ ಹೇಳುತ್ತಿತ್ತು” ಎಂದನು. ಹೇಳಲಿ. ಅದಕ್ಕೆ ಸಂತೋಷವಾಗುತ್ತಿರಲಿಲ್ಲ.

ಕಾಗದದ ಮೇಲಿನ ಚಕ್ರಗಳನ್ನು ಹಿತ್ತಾಳೆಯಲ್ಲಿ ಮೂಡಿಸಿದವರು ಪೀಣ್ಯದ ಒಬ್ಬ ಟರ್ನರು. ದೊಡ್ಡ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾಗಿ, ಕಿರಿದಾದ ಷೆಡ್ಡೊಂದರಲ್ಲಿ ಎಚ್.ಎಂ.ಟಿ. ಲೇತೊಂದನ್ನೂ ಹಳೆಯ ಮಿಲ್ಲಿಂಗ್ ಯಂತ್ರವೊಂದನ್ನೂ ಇಟ್ಟುಕೊಂಡಿದ್ದರು. ನಾವು ಅವರನ್ನು ಮೇಸ್ತ್ರಿಗಳೆಂದೇ ಕರೆಯುತ್ತಿದ್ದೆವು. ವಯಸ್ಸು ಎಪ್ಪತ್ತರ ಮೇಲೆ. ನಕ್ಷೆಯನ್ನು ದೂರ ಹಿಡಿದು ನೋಡಿ, “ಇದು ವಿಮಾನಕ್ಕೆ ಹೋಗುತ್ತದೆಯೆ?” ಎಂದು ಕೇಳಿದರು. ಇಲ್ಲ, ಆಟದ ವಿಮಾನಕ್ಕೆ ಎಂದಾಗ ಮಾತಿಲ್ಲದೆ ನಕ್ಷೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಕೆಲಸ ಒಪ್ಪಿದರೆಂದು ನಮಗೆ ತಿಳಿದುದು ಮರುವಾರ, ಅಲ್ಯೂಮಿನಿಯಂ ಗುಂಡೊಂದು ಅವರ ಲೇತಿನ ಚಕ್ಕಿನಲ್ಲಿ ಸುತ್ತುತ್ತಿದ್ದುದನ್ನು ಕಂಡಾಗ.

ಆ ಕೈಗಳ ಕೆಲಸವನ್ನು ನೋಡುವುದೇ ಒಂದು ಪಾಠ. ಅಲ್ಯೂಮಿನಿಯಂ ಹತ್ಯಾರಿಗೆ ಅಂಟಿಕೊಳ್ಳುವ ಲೋಹ; ಕುಂಚದಿಂದ ಸೀಮೆಎಣ್ಣೆ ಸವರುತ್ತಾ ಸವರುತ್ತಾ ಅದನ್ನು ಕಡೆಯುತ್ತಿದ್ದರು, ಬೆಳ್ಳಿಯ ಎಳೆಗಳಂತೆ ಸುರುಳಿಗಳು ಬೀಳುತ್ತಿದ್ದವು. ಹಿತ್ತಾಳೆಯ ಸ್ವಭಾವ ಬೇರೆ. ಅದು ಚೂಪಾಗಿ ವಾಲಿದ ಹತ್ಯಾರನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಆದುದರಿಂದ ಹತ್ಯಾರಿನ ನೆತ್ತಿಯನ್ನು ಚಪ್ಪಟೆಯಾಗಿ ಮಸೆದರು. ಗಡಿಯಾರದ ಮೈ ಫಲಕದ ತೂತಿನಲ್ಲಿ ಕೂರಬೇಕು. ಆ ತೂತಿನ ಅಳತೆ ಅನೇಕ ವಿಮಾನಗಳಲ್ಲಿ ಒಂದೇ: ಮೂರು ಅಂಗುಲ ಮತ್ತು ಅಂಗುಲದ ಎಂಟನೆಯ ಒಂದು ಪಾಲು. ಮೈಕ್ರೋಮೀಟರಿನಲ್ಲಿ ಅಳೆಯುವ ಮೊದಲೇ ಬೆರಳಿನಿಂದ ಸವರಿ, “ಇನ್ನೊಂದು ಕೂದಲು” ಎನ್ನುತ್ತಿದ್ದರು. ಅಳೆದರೆ ಅಷ್ಟೇ ಇರುತ್ತಿತ್ತು.

ಹಲ್ಲು ಕೊರೆಯುವ ದಿನಗಳಲ್ಲಿ ಎಣಿಕೆ ನನ್ನದು. ಹಲ್ಲನ್ನು ಸಮನಾಗಿ ಹಂಚುವ ಸಾಧನವೊಂದುಂಟು. ಅದರ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಇಪ್ಪತ್ತು ಹಲ್ಲಿಗೆ ಹಲ್ಲಿಗೆರಡು ಸುತ್ತು, ಸುಲಭ. ಐವತ್ತಾರಕ್ಕೆ ಸುತ್ತಿನ ಏಳರಲ್ಲಿ ಐದು ಪಾಲು ಮಾತ್ರ. ಅದಕ್ಕಾಗಿ 21 ತೂತುಗಳ ವರ್ತುಲದಲ್ಲಿ ಪ್ರತಿ ಸಲವೂ 15 ತೂತು ಮುಂದೆ ಸರಿಯಬೇಕು. ಒಂದು ತೂತು ತಪ್ಪಿದರೆ ಕೊನೆಯ ಹಲ್ಲು ಅರೆಹಲ್ಲಾಗಿ ಚಕ್ರವೇ ಗುಜರಿಗೆ. ತರಗತಿಯಲ್ಲಿ ಮಗ್ಗಿ ಹೇಳಿಸುವ ಧ್ವನಿಯಲ್ಲಿ ನಾನು ಎಣಿಸುತ್ತಿದ್ದೆನು, ಮೇಸ್ತ್ರಿಗಳು ತಲೆಯಾಡಿಸಿ ಕೊರೆಯುತ್ತಿದ್ದರು. ಎಂಟು ಚಕ್ರಗಳಿಗೆ 280 ಹಲ್ಲುಗಳು. ಒಂದೊಂದು ಚಕ್ರದ ಕೊನೆಯ ಹಲ್ಲೂ ಮೊದಲ ಹಲ್ಲಿನ ಪಕ್ಕದಲ್ಲಿ ಅಷ್ಟೇ ದಪ್ಪವಾಗಿ ಬಂದು ನಿಂತಾಗ ಅವರು ಬೀಡಿ ಹೊತ್ತಿಸುತ್ತಿದ್ದರು.

ಮುಳ್ಳುಗಳ ಕೆಲಸಕ್ಕೆ ಬಂದಾಗ ಜಗಳ ಹುಟ್ಟಿತು. ಮೂಲದ ಗಡಿಯಾರದಲ್ಲಿ ಮೂರನೆಯ ಮುಳ್ಳು ಬಹಳ ಚಿಕ್ಕದು. ಉಳಿದೆರಡರ ಬುಡದಲ್ಲಿ ಮರಿಯಂತೆ ಅವಿತುಕೊಂಡಿರುತ್ತದೆ. ಓದುಗರು ಒಂದು ಕ್ಷಣ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ವಿಮಾನ 1,500 ಅಡಿಯಲ್ಲಿದೆ: ಉದ್ದ ಮುಳ್ಳು ಐದರ ಮೇಲೆ, ಎರಡನೆಯದು ಒಂದಕ್ಕೂ ಎರಡಕ್ಕೂ ನಡುವೆ. ಈಗ ವಿಮಾನ 11,500 ಅಡಿಯಲ್ಲಿದೆ: ಉದ್ದ ಮುಳ್ಳು ಐದರ ಮೇಲೆ, ಎರಡನೆಯದು ಒಂದಕ್ಕೂ ಎರಡಕ್ಕೂ ನಡುವೆ! ಭೇದವನ್ನು ಹೇಳುವುದು ಮರಿ ಮುಳ್ಳೊಂದೇ. ಅದೂ ವೃತ್ತದ ಹತ್ತನೆಯ ಒಂದು ಪಾಲು ಮಾತ್ರ ಸರಿದಿರುತ್ತದೆ. ದಣಿದ ಕಣ್ಣಿಗೆ ಅದು ಕಾಣದೆ ಹೋದರೆ ಕಾಲ ಕೆಳಗೆ ಹತ್ತು ಸಾವಿರ ಅಡಿ ಗಾಳಿ ಇದೆಯೆಂದು ನಂಬಿದವನ ಕೆಳಗೆ ನೆಲವೇ ಇರುತ್ತದೆ.

ಇದು ಬರಿಯ ಊಹೆಯಲ್ಲ. ವೈಮಾನಿಕರು ಉಪಕರಣಗಳನ್ನು ಹೇಗೆ ತಪ್ಪಾಗಿ ಓದುತ್ತಾರೆಂಬುದನ್ನು ಅಮೆರಿಕದ ಫಿಟ್ಸ್ ಮತ್ತು ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞರು ಅವರ ಬಾಯಿಂದಲೇ ಕೇಳಿ 1947ರಲ್ಲಿ ಬರೆದರು. ಹಲವು ಸುತ್ತು ಬರುವ ಮುಳ್ಳುಗಳ ಗಡಿಯಾರದ ದೋಷ ಅಲ್ಲಿಯೇ ದಾಖಲಾಗಿತ್ತು. ಆದರೂ ಗಡಿಯಾರ ಹಾಗೆಯೇ ಉಳಿಯಿತು. 1958ರ ಏಪ್ರಿಲ್ 28ರಂದು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಬಳಿ ವೈಕೌಂಟ್ ವಿಮಾನವೊಂದು, ಎತ್ತರವನ್ನು ಹತ್ತು ಸಾವಿರ ಅಡಿ ಹೆಚ್ಚಾಗಿ ಓದಿಕೊಂಡು, ನೆಲಕ್ಕೆ ಬಡಿಯಿತು. ಅದರಲ್ಲಿದ್ದವರು ಹೇಗೋ ಬದುಕಿದರು. ಅದೇ ವರ್ಷ ಡಿಸೆಂಬರ್ 24ರಂದು ಇಂಗ್ಲೆಂಡಿನ ದಕ್ಷಿಣ ತೀರದ ಸಮೀಪ, ವಿಂಕ್ಟನ್ ಎಂಬ ಹಳ್ಳಿಯ ಬಳಿ, ಮಂಜು ಕವಿದ ಹೊತ್ತಿನಲ್ಲಿ ಬ್ರಿಟಾನಿಯಾ ವಿಮಾನವೊಂದು ಅದೇ ತಪ್ಪಿನಿಂದ ಅಪ್ಪಳಿಸಿತು. ಹನ್ನೆರಡು ಜನರಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಗಡಿಯಾರ ಕೆಟ್ಟಿರಲಿಲ್ಲ, ಅದು ಸತ್ಯವನ್ನೇ ಹೇಳುತ್ತಿತ್ತು, ಆದರೆ ಬಹಳ ಮೆಲ್ಲಗೆ. ಮುಂದೆ ತಿದ್ದಿದ ಗಡಿಯಾರಗಳಲ್ಲಿ ಮೂರನೆಯ ಮುಳ್ಳು ತೆಳುವಾಗಿ ಅಂಚಿನವರೆಗೂ ಚಾಚಿ, ತುದಿಯಲ್ಲಿ ತ್ರಿಕೋನವೊಂದನ್ನು ಧರಿಸಿತು. ಕೆಳಮಟ್ಟಕ್ಕಿಳಿದಾಗ ಮಾತ್ರ ಕಾಣುವ ಪಟ್ಟೆಪಟ್ಟೆಯ ಎಚ್ಚರಿಕೆಯೂ ಬಂದಿತು.

ಸೋದರಳಿಯನು ಮಾಡಲು ಹೊರಟಿದ್ದುದು ಹಳೆಯ ರೂಪ. ನಾನು ಅವನ ಪಕ್ಷ ವಹಿಸಿದೆನು. ಗ್ರಂಥಸಂಪಾದನೆಯ ಶಾಸ್ತ್ರವನ್ನು ಓದಿದವನು ನಾನು. ಓಲೆಗರಿಯ ಪಾಠ ತಪ್ಪೆಂದು ಕಂಡರೂ ಅದನ್ನು ಅಳಿಸಿ ತಿದ್ದಬಾರದು, ಮೂಲವನ್ನು ಹಾಗೆಯೇ ಉಳಿಸಿ ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಬೇಕು ಎಂಬುದು ಅದರ ನಿಯಮ. ಪ್ರತಿಕೃತಿಗೆ ಮೂಲದ ದೋಷವೂ ಒಂದು ಗುಣ. ಇದನ್ನು ಸಾಕಷ್ಟು ವಿಸ್ತಾರವಾಗಿಯೇ ವಾದಿಸಿದೆನು.

ಮೇಸ್ತ್ರಿಗಳು ಪೂರ್ತಿ ಕೇಳಿ, “ಮೇಷ್ಟ್ರೇ, ಓಲೆಗರಿ ತಪ್ಪಿದರೆ ಯಾರೂ ಸಾಯುವುದಿಲ್ಲ” ಎಂದರು.

ಅವರ ಮಾತಿನ ಹಿಂದೆ ಒಂದು ಕಾರಣವಿತ್ತು. ಅವರ ಮೊಮ್ಮಗಳು ಕೆಲವು ಭಾನುವಾರಗಳಿಂದ ಸೋದರಳಿಯನ ಪ್ಲೈವುಡ್ ವಿಮಾನಕ್ಕೆ ಬಂದು ಕೂರುತ್ತಿದ್ದಳು. ವೈಮಾನಿಕ ಶಿಕ್ಷಣಕ್ಕೆ ಸೇರಲು ಸಿದ್ಧತೆ ನಡೆಸಿದ್ದ ಹುಡುಗಿ. ಬಣ್ಣದ ಚುಕ್ಕೆಗಳ ಪುಸ್ತಕವನ್ನು ಆಗಲೇ ದಾಟಿಯಾಗಿತ್ತು. ಅವಳಿಗೆ ಹೇಳಿಕೊಡುವಾಗ ಸೋದರಳಿಯನ ಧ್ವನಿಯಲ್ಲಿ ಇಪ್ಪತ್ತು ವರ್ಷ ಕೇಳದಿದ್ದ ಉತ್ಸಾಹವನ್ನು ನಾನು ಕೇಳಿದ್ದೆನು. ಕಣ್ಣಿನ ಅಭ್ಯಾಸ ಒಮ್ಮೆ ಕೂತರೆ ಏಳುವುದು ಕಷ್ಟ. ಇಲ್ಲಿ ಮರಿ ಮುಳ್ಳನ್ನು ಕಡೆಗಣಿಸುವುದನ್ನು ಕಲಿತ ಕಣ್ಣು ನಾಳೆ ನಿಜವಾದ ಮೋಡದಲ್ಲಿ ಏನನ್ನು ಕಡೆಗಣಿಸೀತು?

“ನಾನು ಕೆಟ್ಟ ಮಾಲು ಎಂದೂ ಹೊರಗೆ ಕಳಿಸಿದವನಲ್ಲ. ಗೊತ್ತಿದ್ದೂ ಕಳಿಸಲೆ?” ಎಂದು ಕೇಳಿ ಮೇಸ್ತ್ರಿಗಳು ಲೇತಿನ ಗುಂಡಿಯೊತ್ತಿ ನಿಲ್ಲಿಸಿದರು. ಸೋದರಳಿಯನು ಬಹಳ ಹೊತ್ತು ನಕ್ಷೆಯನ್ನು ನೋಡುತ್ತಾ ಕುಳಿತಿದ್ದನು. ಅದು ಅವನು ಬಾಲ್ಯದಲ್ಲಿ ಪುಸ್ತಕಗಳಲ್ಲಿ ಕಂಡು ಮೋಹಿಸಿದ ಮುಖ. ಅದನ್ನು ಬಿಡುವುದು ಸುಲಭವಾಗಿರಲಿಲ್ಲ. ಕೊನೆಗೆ ಪೆನ್ಸಿಲ್ ತೆಗೆದು ಮುಖಫಲಕದ ಕೆಳಭಾಗದಲ್ಲಿ ಒಂದು ಕಿಂಡಿಯನ್ನು ಗೀಚಿದನು.

ಆ ಕಿಂಡಿಗೆ ಎರಡು ತಿಂಗಳು ಹಿಡಿಯಿತು. ಮೂರನೆಯ ಮುಳ್ಳಿನ ಕೊಳವೆಗೇ ತೆಳ್ಳನೆಯ ಬಿಲ್ಲೆಯೊಂದನ್ನು ಕೂಡಿಸಿ, ಅದರ ಒಂದು ಭಾಗಕ್ಕೆ ಕಪ್ಪು ಬಿಳುಪಿನ ಪಟ್ಟೆಗಳನ್ನು ಬಳಿದರು. ಹತ್ತು ಸಾವಿರ ಅಡಿಯ ಕೆಳಗೆ ಪಟ್ಟೆ ಕಿಂಡಿಯಲ್ಲಿ ಕಾಣುತ್ತದೆ; ಏರಿದಂತೆ ಸರಿದು ಮರೆಯಾಗುತ್ತದೆ. ಚಕ್ರಗಳ ಹಲ್ಲಿನ ಸಂದಿಯ ಸಡಿಲದಿಂದ ಮುಳ್ಳು ನಡುಗುತ್ತಿತ್ತು. ಬಾಗಿಸಿದ ತೆಳು ವಾಷರೊಂದು ಕೊಳವೆಯನ್ನು ಮೆಲ್ಲನೆ ಒತ್ತಿ ಹಿಡಿದು ಅದನ್ನು ನಿಲ್ಲಿಸಿತು. ಹಳೆಯ ರೂಪದ ಮರಿ ಮುಳ್ಳನ್ನೂ ಮೇಸ್ತ್ರಿಗಳು ಅರದಿಂದ ಉಜ್ಜಿ ಅಂದವಾಗಿಯೇ ಮಾಡಿದರು. ಅದನ್ನು ಗಡಿಯಾರಕ್ಕೆ ಹಾಕದೆ, ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತು, “ತಗೊಳ್ಳಿ, ನಿಮ್ಮ ಅಡಿಟಿಪ್ಪಣಿ” ಎಂದರು. ಅದು ನನ್ನ ಮೇಜಿನ ಮೇಲಿದೆ.

ಗಡಿಯಾರ ಫಲಕದಲ್ಲಿ ಕುಳಿತ ಭಾನುವಾರ ಸೋದರಳಿಯನು ತಾನು ಮೊದಲು ಕೂರಲಿಲ್ಲ, ಹುಡುಗಿಯನ್ನು ಕೂರಿಸಿದನು. ವಿಮಾನ ಬೆಂಗಳೂರಿನ ನೆಲದ ಮೇಲಿತ್ತು. ಎರಡನೆಯ ಮುಳ್ಳು ಮೂರರ ಮೇಲೆ ನಿಂತಿತ್ತು, ಕಿಂಡಿಯಲ್ಲಿ ಪಟ್ಟೆ. ಪರದೆಗಳಿಗೆ ಬಟ್ಟೆ ಹೊದಿಸಿ, ದೀಪವಾರಿಸಿ, ಎತ್ತರವನ್ನು ತನಗೆ ಬೇಕಾದಂತೆ ಬದಲಿಸುತ್ತಾ ಒಂದೊಂದು ನೋಟಕ್ಕೆ ಎರಡು ಕ್ಷಣ ಮಾತ್ರ ಟಾರ್ಚು ಬೆಳಗಿಸಿದನು.

“ಹನ್ನೊಂದೂವರೆ ಸಾವಿರ” ಎಂದಳು ಹುಡುಗಿ. ಮತ್ತೆ ಕತ್ತಲು. ಮತ್ತೆ ಬೆಳಕು. “ಒಂದೂವರೆ ಸಾವಿರ. ಪಟ್ಟೆ ಇದೆ.”

ಮೇಸ್ತ್ರಿಗಳು ಬಾಗಿಲಲ್ಲಿ ನಿಂತಿದ್ದರು. “ಇನ್ನೊಂದು ಸಲ ಕೇಳಪ್ಪ” ಎಂದರು.

ಈಗ ಅದೇ ಷೆಡ್ಡಿನಲ್ಲಿ ವೇಗಸೂಚಿಯ ಕೆಲಸ ನಡೆದಿದೆ. ಮೈ ಕಡೆದಾಗಿದೆ, ಮುಖಫಲಕ ಬಣ್ಣಕ್ಕೆ ಕಾಯುತ್ತಿದೆ. ಹಸಿರಿನ ಡಬ್ಬಿಗೆ ‘ಹಸಿರು’ ಎಂದೂ ಕೆಂಪಿನ ಡಬ್ಬಿಗೆ ‘ಕೆಂಪು’ ಎಂದೂ ದಪ್ಪಕ್ಷರದಲ್ಲಿ ಬರೆದು ಅಂಟಿಸುವ ಹೊಣೆಯನ್ನು ನನಗೆ ವಹಿಸಿದ್ದಾರೆ. ಕಮಾನು ಎಲ್ಲಿಂದ ಎಲ್ಲಿಗೆ ಎಂಬ ಗೆರೆಯನ್ನು ಸೋದರಳಿಯನು ತಾನೇ ಎಳೆದಿದ್ದಾನೆ. ಕುಂಚ ಹಿಡಿಯುವವಳು ಹುಡುಗಿ. ಅವಳ ಪರೀಕ್ಷೆ ಮುಗಿಯುವವರೆಗೆ ಕೆಲಸ ನಿಂತಿದೆ.